ಕುಶಾಲನಗರದ ಬಿಡಿಭಾಗದ ಗೋಡೌನಿಗೆ ಯಾವ ವರ್ಟಿಕಲ್ ಸ್ಟೋರೇಜ್ ಯಂತ್ರ ಒಳ್ಳೆಯದು?

ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ವೀಡ್ ಕಟರ್‌ಗಳ ಬಿಡಿಭಾಗ ಇಡಲು ಜಾಗ ಸಾಲುತ್ತಿಲ್ಲ, ಸಾಮಾನನ್ನು ಎತ್ತರಕ್ಕೆ ಜೋಡಿಸಿಟ್ಟು ಬೇಕಾದಾಗ ಕೈಗೆ ತಂದುಕೊಡುವ ಯಂತ್ರ ಲಿಫ್ಟ್ ಮಾದರಿಯದಾ, ಕ್ಯಾರೊಸೆಲ್ಲಾ ಎಂದು ಕೇಳಿದ್ದೀರಿ. ನಿಮಗೆ ಲಿಫ್ಟ್ ಮಾದರಿಯೇ ಸರಿ.

ಕ್ಯಾರೊಸೆಲ್‌ನಲ್ಲಿ ಶೆಲ್ಫ್‌ಗಳೆಲ್ಲ ಜಾತ್ರೆಯ ತೊಟ್ಟಿಲಿನ ಹಾಗೆ ಒಟ್ಟಿಗೆ ಸುತ್ತುತ್ತವೆ. ಒಂದೇ ಅಳತೆಯ ಸಣ್ಣ ಸಾಮಾನಿಗೆ ಅದು ಚೆನ್ನ. ಲಿಫ್ಟ್ ಮಾದರಿಯಲ್ಲಿ ಮುಂದೊಂದು, ಹಿಂದೊಂದು ಸಾಲು ಟ್ರೇ, ನಡುವೆ ಲಿಫ್ಟ್. ಬೇಕಾದ ಟ್ರೇ ಮಾತ್ರ ಕಿಟಕಿಗೆ ಬರುತ್ತದೆ. ವಾಪಸ್ ಇಡುವಾಗ ಸೆನ್ಸರ್ ಸಾಮಾನಿನ ಎತ್ತರ ಅಳೆದು ಅಷ್ಟೇ ಜಾಗ ಕೊಡುತ್ತದೆ. ಹಾಗಾಗಿ ಅಂಗೈಯಗಲದ ಬೇರಿಂಗನ್ನು ದೊಡ್ಡ ಪಲ್ಪರ್ ಡ್ರಮ್ ಜೊತೆ ಒಂದೇ ಟ್ರೇಯಲ್ಲಿ ಇಡಬೇಡಿ. ಒಂದೇ ಎತ್ತರದವು ಒಟ್ಟಿಗಿದ್ದರೆ ಜಾಗ ಜಾಸ್ತಿ ಉಳಿಯುತ್ತದೆ.

ಯಂತ್ರಕ್ಕಿಂತ ಮೊದಲು ನೆಲ ನೋಡಿ. ತುಂಬಿದ ಯಂತ್ರ ಎಷ್ಟೋ ಟನ್ ತೂಗುತ್ತದೆ, ಅಷ್ಟೂ ಭಾರ ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಕೊಡಗಿನಲ್ಲಿ ಇಳಿಜಾರಿಗೆ ಮಣ್ಣು ತುಂಬಿಸಿ ಸಮ ಮಾಡಿದ ಜಾಗ ಬಹಳ ಅಲ್ವಾ? ಅಂಥ ನೆಲ ಕುಸಿದರೆ ಯಂತ್ರ ವಾಲಿ ಟ್ರೇ ಸಿಕ್ಕಿಕೊಳ್ಳುತ್ತದೆ. ಸಿವಿಲ್ ಇಂಜಿನಿಯರಿಗೆ ತೋರಿಸದೆ ಅಡ್ವಾನ್ಸ್ ಕೊಡಲೇಬೇಡಿ.

ಇನ್ನು ಮಳೆಗಾಲ. ಕರೆಂಟ್ ಹೋದರೆ ಒಳಗಿನ ಸಾಮಾನು ಒಳಗೇ. ಜನರೇಟರ್ ಲೈನ್ ಕೊಡಿ. ದಿನಾ ಹೋಗುವ ಬೆಲ್ಟ್, ಸ್ಪಾರ್ಕ್ ಪ್ಲಗ್ ಹೊರಗಿನ ರ‍್ಯಾಕಿನಲ್ಲೇ ಇರಲಿ. ತೇವಕ್ಕೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಎಣ್ಣೆ ಕಾಗದ ಸುತ್ತಿಯೇ ಇಡಿ.

ಕಾಫಿ ಮೂಟೆಗೆ ಇದು ಬೇಡ, ಸುಮ್ನೆ ದುಡ್ಡು ದಂಡ. ಅದಕ್ಕೆ ಮರದ ಪ್ಯಾಲೆಟ್ಟೇ ಸಾಕು.