ಬಂದೂಕು ಹಿಡಿದವರ ಹಕ್ಕಿ ಲೆಕ್ಕ

ಮಾನ್ಯರೇ, ನಮಸ್ಕಾರ.

ನಿಮ್ಮ ದೀರ್ಘ ಪತ್ರ ತಲುಪಿದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇನೆಯಲ್ಲಿದ್ದು ಸುಬೇದಾರರಾಗಿ ನಿವೃತ್ತರಾದ ನೀವು, ಈಗ ಮಡಿಕೇರಿಯ ಬಳಿ ಕಾಫಿ ಗಿಡಗಳ ನಡುವೆ ಕುಳಿತು, ಕಳೆದ ಸಂಚಿಕೆಯ ಒಂದು ಪುಟ್ಟ ಟಿಪ್ಪಣಿಗೆ ಇಷ್ಟೊಂದು ಸಿಟ್ಟಾಗಿದ್ದೀರಿ ಎಂದರೆ ನಮ್ಮ ಪತ್ರಿಕೆಯನ್ನು ಓದುವವರಿದ್ದಾರೆ ಎಂದಾಯಿತು. ಸಂಪಾದಕನಿಗೆ ಅದು ಸಣ್ಣ ಸಮಾಧಾನವಲ್ಲ.

ಪತ್ರವನ್ನು ಪೂರ್ತಿ ಅಚ್ಚು ಹಾಕುವಷ್ಟು ಜಾಗವಿಲ್ಲದ ಕಾರಣ ಇತರ ಓದುಗರಿಗಾಗಿ ಸಾರಾಂಶ ಹೇಳುತ್ತೇನೆ. 2004ರಲ್ಲಿ ಇರಾಕಿಗೆ ನಿಯೋಜನೆಗೊಂಡು, ಬಾಗ್ದಾದಿನ ಉತ್ತರಕ್ಕಿರುವ ಬಲಾದ್ ವಾಯುನೆಲೆಯಲ್ಲಿ ಬಿಡುವಿನ ವೇಳೆ ಹಕ್ಕಿ ನೋಡಿ ದಿನಚರಿ ಬರೆದ ಅಮೆರಿಕದ ಸಾರ್ಜೆಂಟ್ ಜೊನಾಥನ್ ಟ್ರೂಅರ್ನ್-ಟ್ರೆಂಡ್ ಬಗ್ಗೆ ನಾವು ಬರೆದಿದ್ದೆವು. ಆ ದಿನಚರಿ 2006ರಲ್ಲಿ ಪುಸ್ತಕವಾಗಿಯೂ ಬಂತು. ಇದಕ್ಕೆ ನಿಮ್ಮ ಆಕ್ಷೇಪ ಮೂರು ಬಗೆಯದು. ಕಾವಲಿಗೆ ನಿಂತವನ ಕಣ್ಣು ಹಕ್ಕಿಯ ಹಿಂದೆ ಹೋದರೆ ಅದು ಕರ್ತವ್ಯಲೋಪ. ಊರು ಉರಿಯುತ್ತಿರುವಾಗ ಪರದೇಶದವನೊಬ್ಬ ಅಲ್ಲಿಯ ಹಕ್ಕಿ ಎಣಿಸುವುದು ಕಲ್ಲೆದೆಯ ಕೆಲಸ, ಅದನ್ನು ನಾವು ಕೊಂಡಾಡಿದ್ದು ಇನ್ನೂ ಕೆಟ್ಟದ್ದು. ಕೊನೆಯದಾಗಿ, ಇಂಥ ಕಥೆಗಳಲ್ಲಿ ಯಾವಾಗಲೂ ಬಿಳಿಯರೇ ಏಕೆ ಇರುತ್ತಾರೆ?

ಮೊದಲನೆಯದಕ್ಕೆ ಹೆಚ್ಚು ಮಾತು ಬೇಕಿಲ್ಲ. ಆತ ವೈದ್ಯಕೀಯ ದಳದವನು, ನೋಡಿದ್ದು ಪಾಳಿ ಇಲ್ಲದ ಹೊತ್ತಿನಲ್ಲಿ. ಆ ನೆಲೆಯ ಮೇಲೆ ಮಾರ್ಟರ್ ಗುಂಡು ಬೀಳುವುದು ಎಷ್ಟು ಮಾಮೂಲಾಗಿತ್ತೆಂದರೆ ಅಲ್ಲಿದ್ದವರು ಅದಕ್ಕೆ ಮಾರ್ಟರಿನ ಊರು ಎಂಬರ್ಥದ ಅಡ್ಡಹೆಸರನ್ನೇ ಇಟ್ಟಿದ್ದರು. ಇನ್ನು ಹಕ್ಕಿ ಬಲ್ಲವನಿಂದ ಸೇನೆಗೆ ನಷ್ಟವೇ ಎಂಬ ಪ್ರಶ್ನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿಯ ರೇಡಾರ್ ಪರದೆಗಳಲ್ಲಿ ವಿವರಣೆಗೆ ಸಿಗದ ಚುಕ್ಕೆಗಳು ಮೂಡುತ್ತಿದ್ದವು, ಶತ್ರುವಿನ ಸುಳಿವೋ ಏನೋ ಎಂಬ ಗೊಂದಲವಾಗುತ್ತಿತ್ತು. ಅವುಗಳಲ್ಲಿ ಹಲವು ಹಾರುವ ಹಕ್ಕಿಗಳು ಎಂದು ತೋರಿಸಿಕೊಟ್ಟವರು ಯುದ್ಧಕಾಲದಲ್ಲಿ ರೇಡಾರ್ ಕೆಲಸಕ್ಕೆ ಸೇರಿದ್ದ ಡೇವಿಡ್ ಲ್ಯಾಕ್ ಮತ್ತು ಜಾರ್ಜ್ ವಾರ್ಲಿ ಎಂಬ ಇಬ್ಬರು ಜೀವಶಾಸ್ತ್ರಜ್ಞರು. ಅವರ ಲೇಖನ 1945ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇರುಳಲ್ಲಿ ಸಾಗುವ ವಲಸೆ ಹಕ್ಕಿಗಳನ್ನು ರೇಡಾರಿನಲ್ಲಿ ಹಿಂಬಾಲಿಸುವ ಇಂದಿನ ವಿದ್ಯೆಯ ಬೇರು ಅಲ್ಲಿದೆ. ಅಷ್ಟಕ್ಕೂ, ಪೊದೆಯಿಂದ ಹಕ್ಕಿ ಒಮ್ಮೆಲೇ ಎದ್ದರೆ ಅಲ್ಲಿ ಯಾರೋ ನಡೆದರು ಎಂದು ತಿಳಿಯುವುದನ್ನು ಸುಬೇದಾರರಿಗೆ ನಾನು ಹೇಳಿಕೊಡಬೇಕೇ?

ಎರಡನೆಯ ಆಕ್ಷೇಪ ಹಾಗಲ್ಲ. ಅದು ಸರಿಯಾದ ಜಾಗಕ್ಕೇ ತಾಗಿದೆ. ನಿಮ್ಮ ಪರವಾಗಿ ನಾನೇ ಒಂದು ಸಾಕ್ಷಿ ಒದಗಿಸುತ್ತೇನೆ, ನಿಮ್ಮ ಪತ್ರದಲ್ಲಿ ಇಲ್ಲದ್ದು. ಗುಂಟರ್ ನೀಟ್‌ಹ್ಯಾಮರ್ ಎಂಬ ಜರ್ಮನ್ ಪಕ್ಷಿತಜ್ಞ ಇದ್ದ, ವಿದ್ವತ್ತಿನಲ್ಲಿ ಯಾರಿಗೂ ಕಡಿಮೆಯಿಲ್ಲದವನು. ಹಿಟ್ಲರನ ಎಸ್‌ಎಸ್ ಪಡೆ ಸೇರಿ, ಯಹೂದಿಗಳ ಸಾಮೂಹಿಕ ಕೊಲೆ ನಡೆದ ಆಶ್‌ವಿಟ್ಸ್ ಶಿಬಿರದಲ್ಲಿ ಕಾವಲುಗಾರನಾದ. ಕಮಾಂಡೆಂಟ್ ರುಡಾಲ್ಫ್ ಹೋಸ್‌ನ ಅನುಮತಿ ಪಡೆದು ಶಿಬಿರದ ಸುತ್ತಲಿನ ಕೆರೆ, ಜೌಗುಗಳ ಹಕ್ಕಿಗಳನ್ನು ಅಧ್ಯಯನ ಮಾಡಿದ. ಆಶ್‌ವಿಟ್ಸ್‌ನ ಹಕ್ಕಿಗಳ ಬಗ್ಗೆ ಅವನು ಬರೆದ ಲೇಖನ ಯುದ್ಧದ ನಡುವೆಯೇ ವಿಯೆನ್ನಾದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ವಾರ್ಷಿಕ ಸಂಪುಟದಲ್ಲಿ ಅಚ್ಚಾಯಿತು. ಯುದ್ಧದ ನಂತರ ಪೋಲೆಂಡಿನಲ್ಲಿ ವಿಚಾರಣೆ ನಡೆದು ಜೈಲುವಾಸ ಅನುಭವಿಸಿ ಹೊರಬಂದ. ಮುಂದೆ ಜರ್ಮನಿಯ ಪಕ್ಷಿತಜ್ಞರ ಸಂಘಕ್ಕೆ ಅಧ್ಯಕ್ಷನೂ ಆದ. ಹಕ್ಕಿ ನೋಡುವವನು ಮೃದು ಹೃದಯದವನು ಎಂಬ ನಂಬಿಕೆಯನ್ನು ಇವನೊಬ್ಬನೇ ನೆಲಸಮ ಮಾಡುತ್ತಾನೆ. ಗೂಡಿನಲ್ಲಿ ಮೊಟ್ಟೆ ಎಷ್ಟಿದೆ ಎಂದು ಬಗ್ಗಿ ನೋಡುವ ಕಣ್ಣಿಗೆ ಬೇಲಿಯಾಚೆಯ ಮನುಷ್ಯರು ಕಾಣದೇ ಹೋಗಬಹುದು, ಅಥವಾ ಕಂಡೂ ಏನೂ ಅನ್ನಿಸದಿರಬಹುದು.

ಅದೇ ಹೊತ್ತಿಗೆ ಅದೇ ಜರ್ಮನರ ಮುಳ್ಳುತಂತಿಯ ಒಳಗೆ ಜಾನ್ ಬಕ್ಸ್‌ಟನ್ ಇದ್ದರು. ಬ್ರಿಟಿಷ್ ಸೇನೆಯ ಅಧಿಕಾರಿ, ಕವಿ, 1940ರಲ್ಲಿ ನಾರ್ವೆಯಲ್ಲಿ ಸೆರೆ ಸಿಕ್ಕವರು. ಆ ಬೇಸಿಗೆಯಲ್ಲಿ ಬವೇರಿಯಾದ ಲೌಫೆನ್ ಶಿಬಿರದಲ್ಲಿ ಅವರ ಕಣ್ಣಿಗೆ ರೆಡ್‌ಸ್ಟಾರ್ಟ್ ಹಕ್ಕಿಯ ಸಂಸಾರವೊಂದು ಬಿತ್ತು. ಚಳಿಗಾಲಕ್ಕೆ ನಮ್ಮ ಕಡೆಗೂ ಬಂದು ಬೇಲಿಯ ಮೇಲೆ ಬಾಲ ನಡುಗಿಸುತ್ತ ಕೂರುವ ಕಪ್ಪು ರೆಡ್‌ಸ್ಟಾರ್ಟ್‌ನ ಹತ್ತಿರದ ನೆಂಟ ಅದು. ಸೆರೆಯಲ್ಲಿ ಕಳೆದ ಉಳಿದ ವರ್ಷಗಳನ್ನು ಬಕ್ಸ್‌ಟನ್ ಅದಕ್ಕೆ ಕೊಟ್ಟರು. ಮುಂದೆ ವಾರ್‌ಬುರ್ಗ್ ಶಿಬಿರದಲ್ಲಿ ಅವರಿಗೆ ಜಾರ್ಜ್ ವಾಟರ್‌ಸ್ಟನ್, ಪೀಟರ್ ಕಾಂಡರ್ ಎಂಬ ಜೊತೆಗಾರರು ಸಿಕ್ಕರು. 1943ರ ವಸಂತದಲ್ಲಿ ಐಷ್ಟೆಟ್ ಶಿಬಿರದಲ್ಲಿ ಬಕ್ಸ್‌ಟನ್ ಮತ್ತು ಸಂಗಡಿಗರು ಒಂದೇ ಒಂದು ಜೋಡಿ ರೆಡ್‌ಸ್ಟಾರ್ಟ್‌ಗಳನ್ನು ಸರದಿಯ ಮೇಲೆ ಸುಮಾರು 850 ಗಂಟೆ ನೋಡಿ ಬರೆದಿಟ್ಟರು. ಗಂಡು ಎಷ್ಟು ಹೊತ್ತು ಹಾಡಿತು, ಹೆಣ್ಣು ಗೂಡಿನಿಂದ ಯಾವಾಗ ಎದ್ದಿತು, ಮರಿಗಳಿಗೆ ಗುಟುಕು ಯಾರು ತಂದರು: ಇಂಥ ಲೆಕ್ಕ. ತಲೆ ಎಣಿಕೆಗೆ ಸಾಲು ನಿಲ್ಲುವುದು, ಅರೆಹೊಟ್ಟೆ, ಇದ್ದಲ್ಲೇ ಸುತ್ತುವುದು ಬಿಟ್ಟರೆ ಬೇರೇನೂ ಇಲ್ಲದ ದಿನಗಳವು. ಬಿಡುಗಡೆಯಾದ ಮೇಲೆ, 1950ರಲ್ಲಿ, ಆ ಹಕ್ಕಿಯ ಮೇಲೆ ಅವರು ಬರೆದ ಗ್ರಂಥ ಬಂತು. ಒಂದೇ ಜಾತಿಯ ಹಕ್ಕಿಯನ್ನು ಹೇಗೆ ಅಧ್ಯಯನ ಮಾಡಬೇಕು ಎಂಬುದಕ್ಕೆ ಇಂದಿಗೂ ಅದನ್ನು ತೋರಿಸುವವರಿದ್ದಾರೆ. ವಾಟರ್‌ಸ್ಟನ್ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಫೇರ್ ಐಲ್ ಎಂಬ ದ್ವೀಪವನ್ನೇ ಕೊಂಡು 1948ರಲ್ಲಿ ಅಲ್ಲಿ ಪಕ್ಷಿ ವೀಕ್ಷಣಾಲಯ ತೆರೆದರು. ಅದರ ಯೋಜನೆಯನ್ನು ಹಾಕಿದ್ದು ಸೆರೆಯಲ್ಲೇ. ಕಾಂಡರ್ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥರಾದರು.

ಬೇಲಿಯ ಆ ಕಡೆ ಒಬ್ಬ, ಈ ಕಡೆ ಒಬ್ಬ. ಇಬ್ಬರ ಟಿಪ್ಪಣಿ ಪುಸ್ತಕದಲ್ಲೂ ಇದ್ದದ್ದು ತಾರೀಖು, ಹೊತ್ತು, ಹಕ್ಕಿ. ಹಾಗಾಗಿ ಯುದ್ಧಭೂಮಿಯಲ್ಲಿ ಹಕ್ಕಿ ನೋಡಿದ ಎಂಬ ಕಾರಣಕ್ಕೆ ಯಾರನ್ನೂ ಹೊಗಳಲಾರೆ, ಅದೇ ಕಾರಣಕ್ಕೆ ತೆಗಳಲೂ ಒಪ್ಪಲಾರೆ. ಅವನು ಅಲ್ಲಿ ಉಳಿದ ಹೊತ್ತಿನಲ್ಲಿ ಏನು ಮಾಡಿದ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಇರಾಕ್ ಯುದ್ಧ ನ್ಯಾಯವೋ ಅನ್ಯಾಯವೋ ಎಂಬುದು ಬಾಗ್ದಾದಿನ ತೋಟದಲ್ಲಿ ಬಿಳಿಕಿವಿಯ ಪಿಕಳಾರ ಇದೆಯೋ ಇಲ್ಲವೋ ಎಂಬುದರಿಂದ ತೀರ್ಮಾನವಾಗುವುದಿಲ್ಲ. ನನ್ನ ಎಣಿಕೆಯಲ್ಲಿ ಆ ಯುದ್ಧ ಅನ್ಯಾಯವೇ. ಆದರೂ ಸಾರ್ಜೆಂಟನ ಪಟ್ಟಿ ನನಗೆ ಬೇಕು. ಯುದ್ಧ ನಡೆದ ಕಡೆ ಹಕ್ಕಿ ಎಣಿಸಲು ಬೇರೆ ಯಾರೂ ಹೋಗುವುದಿಲ್ಲ.

ಈ ಮಾತಿಗೆ ಅದೇ ನೆಲದಲ್ಲಿ ಹಳೆಯ ಉದಾಹರಣೆಯೊಂದಿದೆ, ಅದರಲ್ಲಿ ನಿಮ್ಮ ಮೂರನೆಯ ಪ್ರಶ್ನೆಗೂ ಅರ್ಧ ಉತ್ತರವಿದೆ. ಮೊದಲ ಮಹಾಯುದ್ಧದಲ್ಲಿ ಮೆಸಪಟೋಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದದ್ದು ಬಹುಮಟ್ಟಿಗೆ ಭಾರತದ ಸೇನೆ. ಫೋರ್ಸ್ ಡಿ ಎಂದು ಅದರ ಹೆಸರು. ಸೈನಿಕರು, ಕೂಲಿಗಳು, ಲಾಯದವರು ಎಲ್ಲ ಸೇರಿ ಐದು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಬಯಲನ್ನು ಕಂಡರು. ಕೂಟ್ ಪಟ್ಟಣದ ಮುತ್ತಿಗೆಯಲ್ಲಿ ಹಸಿದು, 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾದ ಸುಮಾರು 13,000 ಮಂದಿಯಲ್ಲಿ ಹೆಚ್ಚಿನವರು ನಮ್ಮವರು. ಏಪ್ರಿಲ್ ಎಂದರೆ ಟೈಗ್ರಿಸ್ ಕಣಿವೆಯಲ್ಲಿ ವಲಸೆಯ ಕಾಲ, ಕಳ್ಳಿಪೀರಗಳೂ ಜೌಗಿನ ಹಕ್ಕಿಗಳೂ ಉತ್ತರಕ್ಕೆ ಹೊರಟಿರುತ್ತವೆ.

ಆ ದಂಡಿನಲ್ಲಿದ್ದ ಕೆಲವು ಅಧಿಕಾರಿಗಳು ಹಕ್ಕಿಗಳನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಕಾಪಿಟ್ಟರು. ಆ ಕಾಲದ ಹಕ್ಕಿ ನೋಟ ಹಾಗಿತ್ತು. ‘ಮೆಸಪಟೋಮಿಯಾದ ಹಕ್ಕಿಗಳು’ ಎಂಬ ಲೇಖನಮಾಲೆ 1920ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕೆಯಲ್ಲಿ ಬಂತು. ಬರೆದವರು ಟೈಸ್‌ಹರ್ಸ್ಟ್, ಬಕ್ಸ್‌ಟನ್ ಮತ್ತು ಚೀಸ್‌ಮನ್. ಈ ಬಕ್ಸ್‌ಟನ್ ಬೇರೆ, ಸೇನೆಯ ವೈದ್ಯ. ಇರಾಕಿನ ಪ್ರಾಣಿಸಂಕುಲದ ಸಮೀಕ್ಷೆ ಎಂಬ ಸಂಪುಟವನ್ನೂ 1923ರಲ್ಲಿ ಅದೇ ಸಂಸ್ಥೆ ಹೊರತಂದಿತು. 1915ರಿಂದ 1919ರವರೆಗೆ ಫೋರ್ಸ್ ಡಿ ಸದಸ್ಯರು ಮಾಡಿದ ಕೆಲಸ ಎಂದು ಶೀರ್ಷಿಕೆಯಲ್ಲೇ ಇದೆ. ಒಂದು ದೇಶದ ಹಕ್ಕಿಗಳ ಬಗ್ಗೆ ನಮಗಿರುವ ಹಳೆಯ ಒಳ್ಳೆಯ ದಾಖಲೆ ಮುಂಬಯಿಯಲ್ಲಿ ಅಚ್ಚಾಯಿತು, ಅದೂ ಯುದ್ಧದ ದೆಸೆಯಿಂದ. ಯೂಫ್ರೆಟಿಸ್-ಟೈಗ್ರಿಸ್ ಜೌಗುಗಳನ್ನು 1990ರ ದಶಕದಲ್ಲಿ ಸದ್ದಾಂ ಹುಸೇನ್ ಸರ್ಕಾರ ಬತ್ತಿಸಿದಾಗ, ಏನೇನು ಕಳೆದುಹೋಯಿತು ಎಂದು ಅಳೆಯಲು ಇಂಥ ಹಳೆಯ ಪಟ್ಟಿಗಳೇ ಬೇಕಾದವು.

ಐದು ಲಕ್ಷ ಭಾರತೀಯರಲ್ಲಿ ಯಾರೂ ಹಕ್ಕಿ ನೋಡಲಿಲ್ಲವೇ? ನೋಡದೆ ಇದ್ದಾರೆಯೇ! ಗದ್ದೆ, ಕಾಡು, ಕುರಿಮಂದೆ ಬಿಟ್ಟು ಹೋದವರು ಅವರು, ಹಕ್ಕಿಯ ಕೂಗಿನಲ್ಲೇ ಮಳೆ ಬೆಳಕು ಅಳೆದವರು. ಆದರೆ ಬರೆಯಲು ಬಿಡುವು ಬೇಕು, ಬರೆದದ್ದನ್ನು ಕಳಿಸಲು ವಿಳಾಸ ಬೇಕು. ಆ ಎರಡೂ ಇದ್ದದ್ದು ಅಧಿಕಾರಿಗೆ. ಬಕ್ಸ್‌ಟನ್‌ಗೆ ಅಷ್ಟು ಗಂಟೆಗಳು ಸಿಕ್ಕಿದ್ದಕ್ಕೂ ಒಂದು ಕಾರಣ ಇದೇ: 1929ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಯಾದ ಅಧಿಕಾರಿಯಿಂದ ಬಲವಂತವಾಗಿ ದುಡಿಸುವಂತಿಲ್ಲ, ಸಾಮಾನ್ಯ ಸೈನಿಕನನ್ನು ದುಡಿಸಬಹುದು. ಅವನನ್ನು ಗಣಿಗೂ ಹೊಲಕ್ಕೂ ಅಟ್ಟಿದರು. ಅವನು ಕಂಡ ಹಕ್ಕಿಗಳು ಎಲ್ಲೂ ದಾಖಲಾಗಲಿಲ್ಲ. ಬಿಳಿಯರ ಕಥೆಯೇ ಏಕೆ ಎಂದು ನನ್ನನ್ನು ಕೇಳಿದ್ದೀರಿ. ನಮ್ಮವರ ಕಥೆ ಕಳಿಸಿ ಎಂದು ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ಹಾಗೆ ನೋಡಿದರೆ, ಇಷ್ಟೆಲ್ಲ ಬೈದ ಮೇಲೆ ನೀವೇ ಒಂದು ಕಥೆ ಕಳಿಸಿಬಿಟ್ಟಿದ್ದೀರಿ, ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ. ಲಡಾಖಿನ ಎತ್ತರದ ಠಾಣೆಯಲ್ಲಿ ನೀವು ಎಸೆದ ರೊಟ್ಟಿ ಚೂರಿಗೆ ಬರುತ್ತಿದ್ದ, ಹಳದಿ ಕೊಕ್ಕು ಕೆಂಪು ಕಾಲಿನ ಕಪ್ಪು ಹಕ್ಕಿ ಯಾವುದು ಎಂದು ಕೇಳಿದ್ದೀರಿ. ಅದು ಆಲ್ಪೈನ್ ಚಾಫ್. ಕಾಗೆಯ ಬಳಗದ್ದು. ಕೊಕ್ಕು ಕೆಂಪಾಗಿ, ಇನ್ನಷ್ಟು ಉದ್ದವಾಗಿ ಬಾಗಿದ್ದರೆ ಕೆಂಪುಕೊಕ್ಕಿನ ಚಾಫ್ ಎನ್ನಬೇಕಿತ್ತು, ಅದೂ ಲಡಾಖಿನಲ್ಲಿದೆ. ನೀವು ಹಳದಿ ಎಂದು ಒತ್ತಿ ಬರೆದಿರುವುದರಿಂದ ಅನುಮಾನ ಉಳಿಯಲಿಲ್ಲ. ಮನುಷ್ಯ ಹೋದಲ್ಲಿಗೆ ಊಟದ ಆಸೆಗೆ ಹಿಂಬಾಲಿಸುವುದು ಅದರ ಹಳೆಯ ಚಾಳಿ. ಎವರೆಸ್ಟ್ ಏರುವವರ ಹಿಂದೆ 8,200 ಮೀಟರ್‌ವರೆಗೂ ಹೋದ ದಾಖಲೆಯಿದೆ. ನಮ್ಮ ಯಾವ ಠಾಣೆಯೂ ಅದಕ್ಕೆ ಎತ್ತರವಲ್ಲ.

ಈಗ ನನ್ನ ಕೋರಿಕೆ. ಅದು ಯಾವ ತಿಂಗಳಲ್ಲಿ ಬರುತ್ತಿತ್ತು, ಒಂಟಿಯಾಗಿಯೋ ಹಿಂಡಾಗಿಯೋ, ಹಿಮಗಾಳಿಯ ದಿನವೂ ಕಾಣುತ್ತಿತ್ತೋ, ಜೊತೆಗಾರರು ಅದಕ್ಕೆ ಏನೆಂದು ಹೆಸರಿಟ್ಟಿದ್ದರು, ಎಲ್ಲವನ್ನೂ ಬರೆಯಿರಿ. ಠಾಣೆಯ ಹೆಸರು ಬೇಡ, ಹೇಳಬಾರದ್ದನ್ನು ಹೇಳಬೇಡಿ. ಎತ್ತರ ಅಂದಾಜಾಗಿ ಇದ್ದರೆ ಸಾಕು. ನಿಮ್ಮ ಊರಿನಲ್ಲಿ ಮಾಜಿ ಸೈನಿಕರಿಗೆ ಬರವಿಲ್ಲ, ಅವರಿಗೂ ಇದನ್ನು ತೋರಿಸಿ. ಮುಂದಿನ ತಿಂಗಳ 10ನೇ ತಾರೀಖಿನೊಳಗೆ ತಲುಪಿದರೆ ಅದರ ಮುಂದಿನ ಸಂಚಿಕೆಗೆ ಸೇರಿಸುತ್ತೇನೆ. ಕೈಬರಹವಾದರೂ ಆದೀತು, ನಿಮ್ಮ ಅಕ್ಷರ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಓದಲು ಬರುತ್ತದೆ.

— ಸಂಪಾದಕ