ನಡುವಿನ ಮನೆಯ ಲೆಕ್ಕ

ಅಂಕಲ್ ಎಂದು ಬರೆದಿದ್ದೀಯ. ಇರಲಿ, ನನ್ನ ತಲೆಗೂದಲು ನಿನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್‌ನಲ್ಲಿ ವರ್ಷಕ್ಕೆ 92,000 ಡಾಲರಿನ ಕೆಲಸ ಸಿಕ್ಕಿದೆ, ಇಲ್ಲಿನ ಕುಟುಂಬದ ಆದಾಯ 69,000 ಎಂದು ಓದಿದೆ, ಬಂದ ವರ್ಷವೇ ಮನೆ ಕೊಳ್ಳಬಹುದೇ ಎಂದು ಕೇಳಿದ್ದೀಯ.

ಮೊದಲು ಆ 69,000 ಏನೆಂದು ನೋಡು. ಅದು ಸರಾಸರಿಯಲ್ಲ, ಮಧ್ಯಾಂಕ. ರಾಜ್ಯದ ಎಲ್ಲ ಮನೆಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯದು. ಪಿಂಚಣಿಯಲ್ಲಿ ಬದುಕುವ ಒಂಟಿ ಅಜ್ಜಿಯೂ ಗಂಡ ಹೆಂಡತಿ ಇಬ್ಬರೂ ಎಂಜಿನಿಯರುಗಳಾಗಿರುವ ಸಂಸಾರವೂ ಅದೇ ಸಾಲಿನಲ್ಲಿರುತ್ತವೆ. ನೀನು ಮನೆ ನೋಡುತ್ತಿರುವ ಬಡಾವಣೆಯಲ್ಲಿ ನಿನ್ನ ಪೈಪೋಟಿ ಆ ಎರಡನೆಯ ಸಂಸಾರದೊಡನೆ.

ಇನ್ನು ಹಳೆಯ ಅಂಕಿ. ನಾನು ಬಂದ ಹೊಸದರಲ್ಲಿ, 1999ರ ಆದಾಯಕ್ಕೆ, ಜನಗಣತಿ ಹೇಳಿದ ಮೊತ್ತ 44,667 ಡಾಲರ್. ಇಡೀ ದೇಶದ್ದು 41,994. ಅಂದರೆ ನಾವು ಮೇಲಿದ್ದೆವು. 2023ರಲ್ಲಿ ಮಿಶಿಗನ್ 69,183, ದೇಶ 77,719. ಏರಿದೆಯಲ್ಲ ಎನ್ನಬೇಡ. ಬೆಲೆಯೇರಿಕೆ ಸೇರಿಸಿದರೆ ಅಂದಿನ 44,667 ಈಗಿನ 80,000ವನ್ನು ದಾಟುತ್ತದೆ. ಎರಡೂ ಎಣಿಕೆಗಳ ವಿಧಾನ ಒಂದೇ ಅಲ್ಲ, ನಿವೃತ್ತರ ಮನೆಗಳೂ ಹೆಚ್ಚಿವೆ. ಆದರೂ ಇಳಿಜಾರು ಸುಳ್ಳಲ್ಲ.

ಅದನ್ನು ನಾನು ಬೀದಿಯಲ್ಲೇ ಕಂಡಿದ್ದೇನೆ. ನಮ್ಮ ಪಕ್ಕದ ಮನೆಯವನು ಹೈಸ್ಕೂಲು ಮುಗಿಸಿ ನೇರವಾಗಿ ಕಾರಿನ ಬಿಡಿಭಾಗದ ಕಾರ್ಖಾನೆ ಸೇರಿದವನು. ಅದೊಂದೇ ಸಂಬಳದಲ್ಲಿ ಮನೆ, ಎರಡು ಕಾರು, ಮೀನು ಹಿಡಿಯಲು ದೋಣಿ ಎಲ್ಲ ಮಾಡಿಕೊಂಡಿದ್ದ. ಯಂತ್ರಗಳು ಕೈಗಳ ಜಾಗಕ್ಕೆ ಬಂದವು, ಕೆಲಸ ದಕ್ಷಿಣದ ರಾಜ್ಯಗಳಿಗೂ ಮೆಕ್ಸಿಕೋಗೂ ಹೋಯಿತು. 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು. ರಾಜ್ಯದಲ್ಲಿ ನಿರುದ್ಯೋಗ ಶೇ 14ರ ಆಸುಪಾಸಿಗೆ ಏರಿತು. ಆ ಚಳಿಗಾಲ ಮೊದಲು ದೋಣಿ ಹೋಯಿತು, ಆಮೇಲೆ ಒಂದು ಕಾರು. ಹೆಂಡತಿ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಗೆ ಸೇರಿದಳು. ಕೊನೆಗೆ ಒಂದು ಬೆಳಿಗ್ಗೆ ಅವನು ಹಿಮ ಬಾಚುವ ಸಲಿಕೆಯನ್ನು ನನ್ನ ಕೈಗೆ ಕೊಟ್ಟು, ಟೆಕ್ಸಾಸಿನಲ್ಲಿ ಇದು ಬೇಕಾಗುವುದಿಲ್ಲ ಎಂದು ನಕ್ಕ. 2000ದಿಂದ 2010ರ ನಡುವೆ ಜನಸಂಖ್ಯೆ ಇಳಿದ ಏಕೈಕ ರಾಜ್ಯ ನಮ್ಮದು. ಸಲಿಕೆ ಇನ್ನೂ ನನ್ನ ಗ್ಯಾರೇಜಿನಲ್ಲಿದೆ.

ಈಗ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ, 92,000 ಒಳ್ಳೆಯ ಸಂಬಳವೇ. ಟ್ರಾಯ್‌ನಲ್ಲಿ ದೋಸೆ ಹಿಟ್ಟಿಗೂ ಕನ್ನಡದ ಹರಟೆಗೂ ಬರವಿಲ್ಲ. ಆದರೆ ಈ ರಾಜ್ಯದ ನಾಡಿ ಇಂದಿಗೂ ಕಾರಿನ ಜೊತೆಗೇ ಬಡಿಯುತ್ತದೆ, ನಿನ್ನ ಕೆಲಸವೂ ಅದರದ್ದೇ. ನನ್ನ ನೆರೆಯವನಿಗೆ ಟೆಕ್ಸಾಸಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಚ್-1ಬಿ ವೀಸಾದವನಿಗೆ, ಅಂದರೆ ಕಂಪನಿಯ ಕೆಲಸದ ಮೇಲೆ ಇಲ್ಲಿರುವವನಿಗೆ, ಕೆಲಸ ಹೋದರೆ ದೇಶದಲ್ಲಿ ಉಳಿಯಲು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕುವೆಯೋ, ಮನೆ ಮಾರುವೆಯೋ?

ಎರಡು ವರ್ಷ ಬಾಡಿಗೆ ಮನೆಯಲ್ಲಿರು, ಆರು ತಿಂಗಳ ಖರ್ಚು ಕೂಡಿಡು. ಕಾರಿನ ವಿಮೆಯನ್ನು ಈಗಲೇ ವಿಚಾರಿಸು, ಇಲ್ಲಿ ಅದು ಕಣ್ಣು ಕತ್ತಲೆ ಬರಿಸುತ್ತದೆ. ಮನೆ ನೋಡುವ ದಿನ ಬಂದಾಗ ನನ್ನನ್ನು ಕರೆ. ಮಾರುವವನು ತೋರಿಸುವ ಆಸ್ತಿ ತೆರಿಗೆಯ ರಸೀದಿಯನ್ನು ನಂಬಬೇಡ. ಅವನಿದ್ದಷ್ಟು ಕಾಲ ಏರಿಕೆಗೆ ಮಿತಿಯಿರುತ್ತದೆ, ಮನೆ ನಿನ್ನ ಹೆಸರಿಗೆ ಬಂದ ಮರುವರ್ಷ ಆ ಮಿತಿ ಕಳಚುತ್ತದೆ. ನನಗೆ ಅದನ್ನು ಯಾರೂ ಹೇಳಿರಲಿಲ್ಲ.