ಜೀಪನ್ನು ಹೊಗಳಬೇಡಿ, ಓಡಿಸಿ ತೋರಿಸಿ

ಪ್ರಿಯ ಮಿತ್ರರೆ,

ನಿಮ್ಮ ‘ಮೊದಲ ಪ್ರೇಮ: ನಾನು ಮತ್ತು ಜೀಪು’ ಲೇಖನ ಕೈಸೇರಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ಚೊಕ್ಕವಾಗಿದೆ, ಕೊಪ್ಪದ ಕಡೆಯ ಮಳೆಯಲ್ಲಿ ನೆಂದು ಬೆಳೆದವರು ಬರೆದದ್ದು ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಇಂಥ ಲೇಖನಗಳಿಗೆ ಸಾಮಾನ್ಯವಾಗಿ ಎರಡು ಸಾಲಿನ ಪತ್ರ ಬರೆದು ಮುಗಿಸುತ್ತೇವೆ. ನಿಮಗೆ ಇಷ್ಟುದ್ದ ಬರೆಯಲು ಕಾರಣ ಮೂರನೆಯ ಪುಟದ ನಾಲ್ಕು ವಾಕ್ಯಗಳು. ಲೇಖನದ ಜೀವವೆಲ್ಲ ಅಲ್ಲೇ ಇದೆ. ನೀವೋ ಅವನ್ನು ದಾಟಿಕೊಂಡು ಓಡಿಹೋಗಿದ್ದೀರಿ. ಅದನ್ನು ನೋಡಿ ನನಗೆ ಸಿಟ್ಟೇ ಬಂತು.

ಆ ವಾಕ್ಯಗಳು ಇವು: ‘ಆ ರಾತ್ರಿ ಅಜ್ಜಿಗೆ ಉಸಿರಾಟ ಕಷ್ಟವಾಯಿತು. ಚಿಕ್ಕಪ್ಪ ಜೀಪು ತೆಗೆದರು. ಹಳ್ಳದಾಚೆಯ ಏರಿನಲ್ಲಿ ಚಕ್ರ ಜಾರಿದಾಗ ಇಳಿದು, ಮುಂದಿನ ಚಕ್ರದ ಹತ್ತಿರ ಏನೋ ತಿರುಗಿಸಿ ಬಂದರು. ಆಮೇಲೆ ನಮ್ಮ ಕಾಡಿನ ರಾಜ ಗರ್ಜಿಸುತ್ತ ಗುಡ್ಡ ಹತ್ತಿಯೇಬಿಟ್ಟ.’

ಕೊನೆಯ ವಾಕ್ಯದಿಂದಲೇ ಶುರುಮಾಡುತ್ತೇನೆ. ‘ಕಾಡಿನ ರಾಜ.’ ಎರಡನೆಯ ಪುಟದಲ್ಲಿ ಅದೇ ಜೀಪು ‘ಉಕ್ಕಿನ ದೈತ್ಯ’, ನಾಲ್ಕರಲ್ಲಿ ‘ಗಂಡೆದೆಯ ಗಾಡಿ’, ಐದರಲ್ಲಿ ‘ಯಾವ ದಾರಿಗೂ ತಲೆಬಾಗದ ವೀರ’. ಇವು ನಿಮ್ಮ ಮನೆಯಂಗಳದಲ್ಲಿ ಹುಟ್ಟಿದ ಮಾತುಗಳಲ್ಲ. ಗಾಡಿ ಮಾರುವವರು ಟಿವಿಯಲ್ಲಿ ಆಡುವ ಮಾತುಗಳು. ಅವರಿಗೆ ಬೇಕಾದ ಗಿರಾಕಿ ಪೇಟೆಯಲ್ಲಿದ್ದಾನೆ, ಅವನಿಗೆ ಅಜ್ಜಿಯನ್ನು ಹಳ್ಳ ದಾಟಿಸುವ ಕಷ್ಟ ಇಲ್ಲ. ಇರುವ ನೀವು ಅವರ ಮಾತನ್ನೇಕೆ ಸಾಲ ತಂದಿರಿ?

ಜೀಪು ದೈತ್ಯನಂತೂ ಅಲ್ಲವೇ ಅಲ್ಲ. 1940ರಲ್ಲಿ ಅಮೆರಿಕದ ಸೇನೆ ಇಂಥದ್ದೊಂದು ಗಾಡಿ ಬೇಕೆಂದು ಕೇಳಿದಾಗ ಮೊದಲು ಹಾಕಿದ ಷರತ್ತು, ತೂಕ 1300 ಪೌಂಡ್ ಮೀರಬಾರದು ಅನ್ನುವುದು. ಅಂದರೆ ಸುಮಾರು 590 ಕಿಲೋ. ಅಷ್ಟು ಹಗುರ ಮಾಡುವುದು ಯಾರಿಂದಲೂ ಆಗಲಿಲ್ಲ, ಆಮೇಲೆ ಮಿತಿ ಏರಿಸಬೇಕಾಯಿತು. ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ 49 ದಿನದಲ್ಲಿ ಮೊದಲ ಮಾದರಿ ಕಟ್ಟಿಕೊಟ್ಟಿತು. ಆದರೆ ಸಾವಿರಗಟ್ಟಲೆ ಗಾಡಿ ಪೂರೈಸುವ ತಾಕತ್ತು ಇದ್ದದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಇವೆರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಅದರ ಎಂಜಿನ್ನಿಗೆ 60 ಅಶ್ವಶಕ್ತಿ. ಇವತ್ತು ಮದುವೆ ಮನೆ ಮುಂದೆ ಸಾಲಾಗಿ ನಿಲ್ಲುವ ಸಣ್ಣ ಕಾರುಗಳಲ್ಲೂ ಹೆಚ್ಚಿನವಕ್ಕೆ ಇದಕ್ಕಿಂತ ಜಾಸ್ತಿ ಶಕ್ತಿ ಇದೆ. ಅಗಲ 62 ಇಂಚು, ಐದಡಿಯ ಮೇಲೆ ಎರಡೇ ಇಂಚು. ನಿಮ್ಮ ತೋಟದ ದಾರಿಯನ್ನು ಒಮ್ಮೆ ನೆನೆಸಿಕೊಳ್ಳಿ. ಒಂದು ಕಡೆ ಧರೆಯ ಮಣ್ಣುಗೋಡೆ, ಇನ್ನೊಂದು ಕಡೆ ಅಡಿಕೆ ತೋಟದ ಕಪ್ಪು, ಅಂದರೆ ಬಸಿಗಾಲುವೆ. ದೈತ್ಯ ಅಲ್ಲಿ ನುಗ್ಗಲು ಆಗುತ್ತಿತ್ತೇ? ಗಾಡಿ ಸಣ್ಣದಿತ್ತು, ಹಗುರಾಗಿತ್ತು, ಕೆಟ್ಟರೆ ಊರಿನ ಮೇಸ್ತ್ರಿಯೇ ಬಿಚ್ಚಿ ಜೋಡಿಸಬಹುದಿತ್ತು. ನಮ್ಮ ಕಡೆಯ ಜನ ಅದನ್ನು ಹಚ್ಚಿಕೊಂಡದ್ದು ಇದಕ್ಕೆ. ಅದರ ನಿಜವಾದ ಗುಣಗಳನ್ನೆಲ್ಲ ನಿಮ್ಮ ಬಿರುದುಗಳು ಮುಚ್ಚಿಹಾಕಿವೆ.

ಈಗ ಮೂರನೆಯ ವಾಕ್ಯ. ‘ಮುಂದಿನ ಚಕ್ರದ ಹತ್ತಿರ ಏನೋ ತಿರುಗಿಸಿ ಬಂದರು.’

ಏನೋ? ನೀವು ಆಗ ಮಗು, ಗೊತ್ತಿರಲಿಲ್ಲ, ಒಪ್ಪಿದೆ. ಈಗ ಬರೆಯುತ್ತಿರುವವರು ದೊಡ್ಡವರು. ಚಿಕ್ಕಪ್ಪ ಇದ್ದಾರೆ ಅಂತ ನೀವೇ ಕೊನೆಯ ಪುಟದಲ್ಲಿ ಬರೆದಿದ್ದೀರಿ. ಒಂದು ಫೋನು ಮಾಡಿ ಕೇಳಲು ಏನು ಅಡ್ಡಿ? ಲೇಖನದ ಜೊತೆ ನೀವು ಇಟ್ಟ ಫೋಟೋವನ್ನು ನಾನು ಲೇಖನಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಬಾನೆಟ್ಟು ಎತ್ತರ ಇರುವ ಹಳೇ ಸಿಜೆ3ಬಿ ಮಾದರಿಯ ಜೀಪು, ಮೇಲೆ ಟಾರ್ಪಾಲು, ಹಿಂದಿನ ಸೀಟಿನಡಿ ಗೋಣಿಚೀಲದಿಂದ ಹೊರಗೆ ಇಣುಕುವ ಕಬ್ಬಿಣದ ಚೈನು. ಮುಂದಿನ ಚಕ್ರದ ನಟ್ಟನಡುವೆ ತಿರುಪಬಹುದಾದ ಒಂದು ಬಿಲ್ಲೆ. ಅದು ಹಬ್ ಲಾಕ್. ಕಂಪನಿಯಿಂದ ಬರುವಾಗ ಇಲ್ಲದ ಎಷ್ಟೋ ಜೀಪುಗಳಿಗೆ ಜನ ಆಮೇಲೆ ಹಾಕಿಸಿಕೊಂಡದ್ದುಂಟು. ಅಮೆರಿಕದಲ್ಲಿ ಆರ್ಥರ್ ವಾರ್ನ್ ಎಂಬವರು 1948ರಲ್ಲೇ ಯುದ್ಧದಿಂದ ಮರಳಿದ ಜೀಪುಗಳಿಗೆ ಇಂಥದ್ದನ್ನು ಮಾಡಿ ಮಾರತೊಡಗಿದ್ದರು.

ಅದರ ಕೆಲಸ ಇಷ್ಟೆ. ಟಾರು ರಸ್ತೆಯಲ್ಲಿ ಹಿಂದಿನ ಚಕ್ರ ತಳ್ಳಿದರೆ ಸಾಕು. ಹಬ್ ಬಿಟ್ಟುಕೊಂಡಿದ್ದರೆ ಮುಂದಿನ ಚಕ್ರ ತನ್ನಷ್ಟಕ್ಕೆ ಉರುಳುತ್ತದೆ, ಒಳಗಿನ ಆಕ್ಸಲ್ಲು, ಎಡಬಲದ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ಲು ಸುಮ್ಮಸುಮ್ಮನೆ ತಿರುಗಿ ಸವೆಯುವುದಿಲ್ಲ. ಕೆಸರು ಬಂದಾಗ ಇಳಿದು ಹಬ್ ಲಾಕ್ ಮಾಡಬೇಕು, ಒಳಗೆ ಬಂದು ಗೇರಿನ ಪಕ್ಕದ ಸಣ್ಣ ಲಿವರು ಹಾಕಬೇಕು. ಆಗಷ್ಟೇ ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೆ ಮುಟ್ಟುತ್ತದೆ.

ಇನ್ನೊಂದು ಸಂಗತಿ ನಿಮ್ಮ ವಾಕ್ಯದಲ್ಲಿ ಬಿಟ್ಟೇಹೋಗಿದೆ. ಹಬ್ಬು ಎರಡೂ ಕಡೆ ಇರುತ್ತದೆ. ಒಂದನ್ನೇ ಲಾಕ್ ಮಾಡಿದರೆ ಬಲವೆಲ್ಲ ಬಿಟ್ಟುಕೊಂಡಿರುವ ಕಡೆ ತಿರುಗಿ ವ್ಯರ್ಥವಾಗುತ್ತದೆ. ಹಾಗಾಗಿ ನಿಮ್ಮ ಚಿಕ್ಕಪ್ಪ ಆ ಮಳೆಯಲ್ಲಿ ಬಲಗಡೆ ಇಳಿದು, ಬಗ್ಗಿ ಒಂದು ಬಿಲ್ಲೆ ತಿರುಗಿಸಿ, ಜೀಪಿನ ಮುಂದಿನಿಂದ ದಾಟಿ ಎಡಗಡೆಗೆ ಹೋಗಿ ಇನ್ನೊಂದು ತಿರುಗಿಸಿರಬೇಕು. ರಾತ್ರಿ. ಹೆಡ್‌ಲೈಟು ಉರಿಯುತ್ತಿದೆ. ಅವರು ಆ ಬೆಳಕಿಗೆ ಅಡ್ಡ ಬಂದೇ ದಾಟಿದ್ದಾರೆ. ಒಳಗೆ ಅಜ್ಜಿಯ ತಲೆ ನಿಮ್ಮಮ್ಮನ ತೊಡೆಯ ಮೇಲೆ, ಎದುರಿಗೆ ಗಾಜಿನಾಚೆ ಚಿಕ್ಕಪ್ಪ. ನೀವು ನೋಡಿರಲೇಬೇಕು. ಕೊಪ್ಪೆ ಹಾಕಿದ್ದರೇ, ಬರಿತಲೆಯಲ್ಲಿ ಇದ್ದರೇ? ಪಂಚೆ ಎತ್ತಿ ಕಟ್ಟಿದ್ದರೇ? ಓಡಿದರೇ, ಅಥವಾ ಏನೂ ಅವಸರ ಇಲ್ಲದವರ ಹಾಗೆ ನಡೆದರೇ? ಜೀಪಿನ ಮೇಲಿನ ನಿಮ್ಮ ಪ್ರೀತಿ ಹುಟ್ಟಿದ್ದು ಆ ಕೆಲವೇ ಗಳಿಗೆಯಲ್ಲಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ‘ಏನೋ’ ಅಂತ ಬರೆದು ನೀವು ಅದನ್ನು ಹಳ್ಳಕ್ಕೆ ಎಸೆದಿದ್ದೀರಿ.

‘ಗರ್ಜಿಸುತ್ತ ಗುಡ್ಡ ಹತ್ತಿಯೇಬಿಟ್ಟ’ ಅನ್ನುವಲ್ಲೂ ಇದೇ ಕೊರತೆ. ಲೋ ಗೇರಿಗೆ ಹಾಕಿದ ಜೀಪು ಹತ್ತಿಯೇಬಿಡುವುದಿಲ್ಲ. ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಎಳೆತ ಎರಡು ಪಟ್ಟು ಮೀರುತ್ತದೆ. ಎಂಜಿನ್ನು ಕಿವಿ ತುಂಬುವ ಹಾಗೆ ಕೂಗುತ್ತಿರುತ್ತದೆ, ಹೊರಗೆ ನೋಡಿದರೆ ಧರೆಯ ಮೇಲಿನ ಜರಿಗಿಡಗಳು ಒಂದೊಂದಾಗಿ ಹಿಂದೆ ಸರಿಯುತ್ತಿರುತ್ತವೆ. ಮನುಷ್ಯ ಪಕ್ಕದಲ್ಲಿ ನಡೆದುಕೊಂಡು ಬರಬಹುದು. ಉಸಿರಿಗೆ ಒದ್ದಾಡುವ ಅಜ್ಜಿಯನ್ನು ಕೂರಿಸಿಕೊಂಡು ಅಷ್ಟು ನಿಧಾನ ಹೋಗುವುದು ಎಂಥ ಸಂಕಟ! ನೀವು ಒಂದೇ ವಾಕ್ಯದಲ್ಲಿ ಗುಡ್ಡ ಹತ್ತಿಸಿ ಆ ಸಂಕಟವನ್ನು ಕಳೆದುಬಿಟ್ಟಿರಿ.

ಇಲ್ಲಿ ನನ್ನ ಶುರುವಿನ ದಿನಗಳ ಮಾತೊಂದನ್ನು ಹೇಳಬೇಕು. ನಾನು ಕೆಲಸ ಕಲಿತದ್ದು ಮಲೆನಾಡಿನ ಸಣ್ಣ ಪೇಟೆಯೊಂದರ ವಾರಪತ್ರಿಕೆಯಲ್ಲಿ. ಸಂಪಾದಕರು ಮಾತು ಕಡಿಮೆ ಆಡುವ ಮನುಷ್ಯ. ಮಳೆಗಾಲಕ್ಕೆ ಮುಂಚೆ ಜೀಪುಗಳ ರಿಪೇರಿಯ ಬಗ್ಗೆ ಒಂದು ಲೇಖನ ಬೇಕು ಅಂದರು. ಜೊತೆಗೊಂದು ಕಟ್ಟಪ್ಪಣೆ: ಗ್ಯಾರೇಜಿಗೆ ಹೋಗು, ಪೆನ್ನು ಇಲ್ಲೇ ಇಟ್ಟು ಹೋಗು. ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಮೇಸ್ತ್ರಿ ನನ್ನನ್ನು ಒಂದು ಹಳೇ ಟಯರಿನ ಮೇಲೆ ಕೂರಿಸಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಮೇ ತಿಂಗಳ ಕೊನೆಯಲ್ಲಿ ಅಲ್ಲಿಗೆ ಬರುವ ಜೀಪುಗಳಿಗೆ ಲೆಕ್ಕವಿರಲಿಲ್ಲ. ತೋಟದ ಆಳುಗಳನ್ನು ಕರೆದೊಯ್ಯುವವು, ಶಾಲೆ ಮಕ್ಕಳ ಟ್ರಿಪ್ಪಿನವು, ಹಾಲಿನ ಕ್ಯಾನಿನವು. ಸ್ಪ್ರಿಂಗಿನ ಪ್ಲೇಟು ಬದಲಿಸುವುದು, ಬ್ರೇಕು ಬಿಚ್ಚುವುದು, ತುಂಡಾದ ಚೈನಿಗೆ ಕೊಂಡಿ ಹಾಕುವುದು, ಇದೇ ಕೆಲಸ.

ಒಂದು ಸಂಜೆ ಮೇಸ್ತ್ರಿ ಒಂದು ಜೀಪಿನ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದರು. ಗಾಡಿ ಗೇರಿನಲ್ಲಿತ್ತು. ಎಡಗಡೆ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರು. ಬಲಗಡೆಯದು ಹಿಂದಕ್ಕೆ ತಿರುಗಿತು! ಮತ್ತೆ ಮಾಡಿದರು, ಮತ್ತೆ ಹಾಗೇ. ಆಮೇಲೆ ಗೇರು ತೆಗೆದು ನನ್ನನ್ನು ಕರೆದು, ‘ಆ ಕಡೇದನ್ನ ಬಿಗಿಯಾಗಿ ಹಿಡ್ಕಳಿ’ ಅಂದರು. ನಾನು ಬಲಚಕ್ರ ಹಿಡಿದೆ, ಅವರು ಎಡದ್ದನ್ನು ತಿರುಗಿಸಿದರು, ಈಗ ಎಂಜಿನ್ನಿನ ಕಡೆಯಿಂದ ಬಲ ತರುವ ನಡುವಿನ ಪ್ರೊಪೆಲ್ಲರ್ ಶಾಫ್ಟು ತಿರುಗಿತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದರು: ‘ನೀವು ಹಿಡ್ಕಂಡಿದ್ದು ಗಟ್ಟಿ ನೆಲ. ನಾನು ತಿರುಗ್ಸಿದ್ದು ಕೆಸರಲ್ಲಿರೋ ಚಕ್ರ. ಎಂಜಿನ್ನಿನ ತಿರುಗೆಲ್ಲ ಕೆಸರಿನ ಕಡೆಗೇ ಹೋಗ್ತದೆ.’ ಡಿಫರೆನ್ಶಿಯಲ್ಲನ್ನು ಇದಕ್ಕಿಂತ ಚೆನ್ನಾಗಿ ಬಿಡಿಸಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅವರು ವಿವರಿಸಲಿಲ್ಲ, ನನ್ನ ಕೈಗೇ ಚಕ್ರ ಕೊಟ್ಟರು. ಬರೆಯುವವರು ಓದುವವರಿಗೆ ಮಾಡಬೇಕಾದ್ದೂ ಇದನ್ನೇ ಅಂತ ನನಗೆ ಗೊತ್ತಾದದ್ದು ಆ ಟಯರಿನ ಮೇಲೆ ಕೂತು.

ಇದನ್ನು ನೆನೆಯಲು ಕಾರಣ ನಿಮ್ಮ ನಾಲ್ಕನೆಯ ಪುಟದ ಮಾತು: ‘ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವುದರಿಂದ ಜೀಪು ಎಂಥ ಕೆಸರಿನಲ್ಲೂ ಹೂತುಕೊಳ್ಳುವುದಿಲ್ಲ.’ ಇದು ಸುಳ್ಳು. ಫೋರ್ ವೀಲ್ ಹಾಕಿದರೂ ಮುಂದೊಂದು, ಹಿಂದೊಂದು ಡಿಫರೆನ್ಶಿಯಲ್ಲು ಇದ್ದೇ ಇರುತ್ತದೆ. ಮುಂದಿನ ಒಂದು ಚಕ್ರ, ಹಿಂದಿನ ಒಂದು ಚಕ್ರ ಹಿಡಿತ ಕಳೆದುಕೊಂಡರೆ ಅವೆರಡೇ ಗರಗರ ತಿರುಗುತ್ತವೆ, ಗಟ್ಟಿ ನೆಲದ ಮೇಲಿರುವ ಇನ್ನೆರಡು ಸುಮ್ಮನೆ ನಿಂತಿರುತ್ತವೆ. ಇಲ್ಲದಿದ್ದರೆ ನಿಮ್ಮ ಜೀಪಿನ ಸೀಟಿನಡಿ ಆ ಚೈನು ಏಕೆ ಇರುತ್ತಿತ್ತು? ನಮ್ಮ ಕಡೆ ಬಾಡಿಗೆಗೆ ಓಡುವ ಎಷ್ಟೋ ಜೀಪುಗಳಿಗೆ ಫೋರ್ ವೀಲೇ ಇಲ್ಲ. ಜೂನ್ ಬಂತೆಂದರೆ ಹಿಂದಿನ ಎರಡು ಟಯರಿಗೆ ಚೈನು ಸುತ್ತಿ, ಎಲ್ಲಿ ಕಾಲು ಒತ್ತಬೇಕು ಎಲ್ಲಿ ಬಿಡಬೇಕು ಅನ್ನುವ ಅಂದಾಜಿನ ಮೇಲೆ ಆ ಡ್ರೈವರುಗಳು ಗುಡ್ಡ ಹತ್ತುತ್ತಾರೆ. ಹೂತುಕೊಳ್ಳುವ ಭಯ ಇದ್ದುದರಿಂದಲೇ ಆ ರಾತ್ರಿ ಚಿಕ್ಕಪ್ಪ ಇಳಿದದ್ದು. ಭಯವೇ ಇಲ್ಲ ಅಂದಮೇಲೆ ಅವರ ಧೈರ್ಯಕ್ಕೂ ಜಾಗ ಇಲ್ಲ. ಜೀಪನ್ನು ಸೋಲಿಲ್ಲದ್ದು ಅಂತ ಹೊಗಳುವ ಭರದಲ್ಲಿ ನೀವು ಮನುಷ್ಯನನ್ನೇ ಕಥೆಯಿಂದ ಹೊರಗೆ ಹಾಕಿದ್ದೀರಿ. ಆರು ಪುಟದಲ್ಲಿ ಜೀಪಿಗೆ ಇಷ್ಟೊಂದು ಬಿರುದು, ಚಿಕ್ಕಪ್ಪನಿಗೆ ಒಂದು ಹೆಸರಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದು.

ಐದನೆಯ ಪುಟದ ಇತಿಹಾಸ ತೆಗೆದುಹಾಕಿ. ಲ್ಯಾಂಡ್ ರೋವರ್, ಲ್ಯಾಂಡ್ ಕ್ರೂಸರ್, ಜಿಪ್ಸಿ, ಥಾರ್ ಅಂತ ಇಸವಿ ಸಮೇತ ಸಾಲು ನಿಲ್ಲಿಸಿದ್ದೀರಿ, ಒಂದಕ್ಕೂ ನಿಮ್ಮ ಅಜ್ಜಿಗೂ ಸಂಬಂಧವಿಲ್ಲ. ಇತಿಹಾಸ ಬೇಕೇಬೇಕು ಅನ್ನಿಸಿದರೆ ಫೋಟೋದಲ್ಲಿರುವ ಬಾನೆಟ್ಟಿನಿಂದ ಶುರುಮಾಡಿ. ಅದು ಏಕೆ ಅಷ್ಟು ಎತ್ತರ? ವಿಲ್ಲೀಸ್ ಕಂಪನಿ 1953ರಲ್ಲಿ ಆ ಮಾದರಿಗೆ ಹೊಸ ಎಂಜಿನ್ ಕೂರಿಸಿತು. ಅದರ ಒಂದು ಬಗೆಯ ವಾಲ್ವುಗಳು ಮೇಲ್ಗಡೆಗೆ ಬಂದದ್ದರಿಂದ ಎಂಜಿನ್ ಎತ್ತರವಾಯಿತು, ಹಳೇ ಬಾನೆಟ್ಟಿನಡಿ ಹಿಡಿಸಲಿಲ್ಲ. ಬಾನೆಟ್ಟು ಏರಿಸಿದರು. ಆ ರೂಪವನ್ನೇ ಮಹೀಂದ್ರದವರು ನಮ್ಮಲ್ಲಿ ದಶಕಗಟ್ಟಲೆ ಮಾಡಿದರು. ನಿಮ್ಮ ಅಂಗಳದಲ್ಲಿ ನಿಂತ ಜೀಪಿನ ಮುಖಕ್ಕೆ ಆ ಗತ್ತು ಬಂದದ್ದು ಹೀಗೆ. ಇಷ್ಟನ್ನು ಬರೆದರೆ ಸಾಕು, ಅದು ನಿಮ್ಮ ಜೀಪಿನದೇ ಕಥೆಯಾಗುತ್ತದೆ.

ಲ್ಯಾಂಡ್ ರೋವರನ್ನು ಬಿಡಲು ಮನಸ್ಸೇ ಇಲ್ಲದಿದ್ದರೆ ಅದು ‘1948ರಲ್ಲಿ ಬಿಡುಗಡೆಯಾಯಿತು’ ಅನ್ನುವುದನ್ನು ಬಿಟ್ಟು ಅದಕ್ಕೂ ಹಿಂದಕ್ಕೆ ಹೋಗಿ. ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್‌ಗೆ ವೇಲ್ಸ್‌ನ ಆಂಗಲ್‌ಸಿ ದ್ವೀಪದಲ್ಲಿ ಜಮೀನಿತ್ತು. ಅಲ್ಲಿ ಅವರು ಇಟ್ಟುಕೊಂಡಿದ್ದದ್ದು ಯುದ್ಧದಲ್ಲಿ ಸವೆದ ಒಂದು ಜೀಪು. ಅದು ಹೋದರೆ ಅದರ ಜಾಗಕ್ಕೆ ಮತ್ತೊಂದು ಜೀಪೇ ಬೇಕು, ಬೇರೆ ಯಾವ ಗಾಡಿಯೂ ಆ ಕೆಲಸ ಮಾಡದು ಅನ್ನುವುದು ಅವರಿಗೆ ಹೊಲದಲ್ಲಿ ಓಡಿಸಿ ಓಡಿಸಿ ಗೊತ್ತಾಗಿತ್ತು. 1947ರಲ್ಲಿ ಅಲ್ಲಿನ ಸಮುದ್ರತೀರದ ಮರಳಿನ ಮೇಲೆ ಗೆರೆ ಎಳೆದು ಅಣ್ಣನಿಗೆ ತೋರಿಸಿದ್ದೇ ಲ್ಯಾಂಡ್ ರೋವರಿನ ಮೊದಲ ನಕ್ಷೆ. ಕಾರು ಕಂಪನಿಯ ಮುಖ್ಯ ಎಂಜಿನಿಯರ್ ಆಗಿದ್ದೂ ಅವರಿಗೆ ಈ ಬಗೆಯ ಗಾಡಿಯ ಹುಚ್ಚು ಹಿಡಿದದ್ದು ಜಮೀನಿನ ಕೆಲಸದಲ್ಲಿ. ನಿಮ್ಮ ಚಿಕ್ಕಪ್ಪನಿಗೂ ಅವರಿಗೂ ಇರುವ ನಂಟು ಇದು. ಆ ನಂಟು ಕಾಣುವ ಹಾಗೆ ಬರೆಯಲು ಆದರೆ ಇಟ್ಟುಕೊಳ್ಳಿ, ಆಗದಿದ್ದರೆ ಬೇಡ.

ಉಳಿದ ಸಣ್ಣಪುಟ್ಟದ್ದು ನಾವು ನೋಡಿಕೊಳ್ಳುತ್ತೇವೆ. ನೀವು ಮಾಡಬೇಕಾದ್ದು ಇಷ್ಟು: ಚಿಕ್ಕಪ್ಪನ ಮನೆಗೆ ಹೋಗಿ, ಫೋನಿನಲ್ಲಿ ಬೇಡ. ಆ ಏರನ್ನು ಅವರ ಜೊತೆ ನಡೆದು ಹತ್ತಿ. ಎಲ್ಲಿ ಚಕ್ರ ಜಾರಿತು, ಯಾವಾಗ ಇಳಿದರು, ಚೈನು ಕಟ್ಟದೆ ಹಬ್ಬಿನ ಮೇಲೆ ಏಕೆ ಭರವಸೆ ಇಟ್ಟರು, ಇದನ್ನೆಲ್ಲ ಕೇಳಿ. ಅಜ್ಜಿ ಏನಾದರೂ ಮಾತಾಡಿದರೇ ಅಂತ ಅಮ್ಮನನ್ನೂ ಕೇಳಿ. ಆಸ್ಪತ್ರೆ ಮುಟ್ಟಿದ ಮೇಲೆ ಅಜ್ಜಿಗೆ ಏನಾಯಿತು ಅಂತ ನೀವು ಬರೆದೇ ಇಲ್ಲ, ಓದಿದ ನನಗೆ ಅದು ಗೊತ್ತಾಗಲೇಬೇಕು. ಬಿರುದು ಒಂದೂ ಬೇಡ. 1200 ಪದ ಮೀರದಿರಲಿ. ಚಿಕ್ಕಪ್ಪ ಒಪ್ಪಿದರೆ ಅವರ ಹೆಸರು ಹಾಕಿ. ಮೇ 10ರೊಳಗೆ ತಲುಪಿಸಿದರೆ ಜೂನ್ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಕಾದಿರಿಸಿದ್ದೇನೆ.

ಇಂತಿ ನಿಮ್ಮ,
ಸಂಪಾದಕ